ಕ್ರಿಯಾಟಿನಿನ್ ಹೆಚ್ಚಿದೆಯೇ? ಥೈರಾಯ್ಡ್ ಕೂಡ ನೋಡಿಸಿ

ಮನೆಯ ಹಿರಿಯ ಹೆಣ್ಣುಮಗಳಿಗೆ ತಿಂಗಳುಗಟ್ಟಲೆ ಸುಸ್ತು, ಮೈಕೈ ನೋವು, ಮಲಬದ್ಧತೆ. ಬೆಳಿಗ್ಗೆ ಎದ್ದರೆ ಮುಖ ಉಬ್ಬಿರುತ್ತದೆ. ವಯಸ್ಸಾಯಿತೆಂದು ಸುಮ್ಮನಿದ್ದು, ನೋವು ಹೆಚ್ಚಾದಾಗ ಅಂಗಡಿಯಿಂದ ಗುಳಿಗೆ ತಂದು ಕೊಡುತ್ತೀರಿ. ಕೊನೆಗೊಮ್ಮೆ ದೊಡವಾಡದಿಂದ ಬೈಲಹೊಂಗಲಕ್ಕೆ ಕರೆದೊಯ್ದು ರಕ್ತ ಪರೀಕ್ಷಿಸಿದರೆ ಕ್ರಿಯಾಟಿನಿನ್ 1.6. ಮನೆಯಲ್ಲಿ ಡಯಾಲಿಸಿಸ್‌ನ ಮಾತು ಶುರುವಾಗುತ್ತದೆ. ಗಾಬರಿಯಾಗುವ ಮುನ್ನ ವೈದ್ಯರನ್ನು ಕೇಳಿ: ಥೈರಾಯ್ಡ್ ಪರೀಕ್ಷೆ ಬೇಕೇ?

ನಂಟು ಏನು?

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಕಡಿಮೆಯಾದರೆ ಹೃದಯ ನಿಧಾನವಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮೂತ್ರಪಿಂಡಕ್ಕೆ ಹೋಗುವ ರಕ್ತ ತಗ್ಗಿ ಸೋಸುವ ಕೆಲಸ ಕುಂಠಿತವಾಗುತ್ತದೆ, ಕ್ರಿಯಾಟಿನಿನ್ ಏರುತ್ತದೆ. ಕೆಲವರಲ್ಲಿ ರಕ್ತದ ಸೋಡಿಯಂ ಕೂಡ ಇಳಿಯುತ್ತದೆ. ಸಮಾಧಾನದ ಸಂಗತಿಯೆಂದರೆ, ತೊಂದರೆ ಥೈರಾಯ್ಡ್‌ನಿಂದಲೇ ಆಗಿದ್ದರೆ ಚಿಕಿತ್ಸೆಯ ಬಳಿಕ ಮೂತ್ರಪಿಂಡದ ಕೆಲಸ ಸಾಮಾನ್ಯವಾಗಿ ಸುಧಾರಿಸುತ್ತದೆ.

ನಂಟು ತಿರುವುಮುರುವಾಗಿಯೂ ಇದೆ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚು. ಮೂತ್ರದಲ್ಲಿ ಪ್ರೋಟೀನ್ ಬಹಳ ಹೋಗುತ್ತಿದ್ದರೆ ಅದರೊಂದಿಗೆ ಥೈರಾಯ್ಡ್ ಹಾರ್ಮೋನೂ ಹೋಗುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಥೈರಾಯ್ಡ್ ಒಂದನ್ನೇ ದೂರಿ ಸುಮ್ಮನಿರಬಾರದು; ಮೂತ್ರ ಪರೀಕ್ಷೆಯೂ ಆಗಬೇಕು.

ನೀವು ಮಾಡಬೇಕಾದದ್ದು

* ಟಿ.ಎಸ್.ಎಚ್. ಮತ್ತು ಫ್ರೀ ಟಿ4 ಪರೀಕ್ಷೆ ಮಾಡಿಸಿ. ಗುಳಿಗೆ ಆರಂಭಿಸಿದ 6ರಿಂದ 8 ವಾರಗಳ ಬಳಿಕ ಮತ್ತೆ ನೋಡಿಸಿ. ಜೊತೆಗೆ ಕ್ರಿಯಾಟಿನಿನ್ ಕೂಡ.
* ವೈದ್ಯರನ್ನು ಕೇಳದೆ ನೋವಿನ ಗುಳಿಗೆ ನುಂಗಬೇಡಿ. ದಣಿದ ಮೂತ್ರಪಿಂಡಕ್ಕೆ ಅದು ಇನ್ನೊಂದು ಹೊರೆ.
* ಥೈರಾಯ್ಡ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ, ನೀರಿನೊಂದಿಗೆ, ಚಹಾ-ನಾಷ್ಟಾಕ್ಕೆ 30ರಿಂದ 60 ನಿಮಿಷ ಮೊದಲು ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೂ ಇದಕ್ಕೂ 4 ಗಂಟೆ ಅಂತರವಿರಲಿ.
* ಆರಾಮಾಯಿತೆಂದು ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ.

ರಮಝಾನ್‌ನಲ್ಲಿ

ರೋಜಾ ಎಂದು ಗುಳಿಗೆ ಬಿಡುವವರಿದ್ದಾರೆ. ಅದರ ಅಗತ್ಯವಿಲ್ಲ. ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ತೆಗೆದುಕೊಳ್ಳಬಹುದು. ಇಲ್ಲವೇ ರಾತ್ರಿ ಊಟವಾಗಿ 3-4 ಗಂಟೆಯ ನಂತರ, ಮಲಗುವಾಗ. ಆದರೆ ಮೂತ್ರಪಿಂಡ ಈಗಾಗಲೇ ದುರ್ಬಲವಾಗಿದ್ದರೆ ಇಡೀ ದಿನ ನೀರಿಲ್ಲದಿರುವುದು ಅಪಾಯ ತರಬಹುದು. ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಅವರು ಬೇಡವೆಂದರೆ ಹಟ ಹಿಡಿಯಬೇಡಿ; ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ದೇಹ ಅವನ ಅಮಾನತು. ಅದನ್ನು ಕಾಪಾಡುವುದೂ ಇಬಾದತ್ತೇ.