ಹೆಪಟೈಟಿಸ್ 'ಇ': ಕಲುಷಿತ ನೀರಿನಿಂದ ಹರಡುವ ಕಾಮಾಲೆ

ಹೆಪಟೈಟಿಸ್ ಎಂದರೆ ಪಿತ್ತಜನಕಾಂಗದ ಉರಿಯೂತ. ಇದನ್ನು ಉಂಟುಮಾಡುವ ವೈರಾಣುಗಳಲ್ಲಿ ಎ, ಬಿ, ಸಿ, ಡಿ ಮತ್ತು ಇ ಎಂಬ ಐದು ಮುಖ್ಯವಾದವು. ಬಿ, ಸಿ ಮತ್ತು ಡಿ ವೈರಾಣುಗಳು ರಕ್ತ ಹಾಗೂ ದೇಹದ್ರವಗಳ ಮೂಲಕ ಹರಡುತ್ತವೆ. ಎ ಮತ್ತು ಇ ವೈರಾಣುಗಳು ನಮ್ಮ ದೇಶದಲ್ಲಿ ಮುಖ್ಯವಾಗಿ ಮಲದಿಂದ ಕಲುಷಿತಗೊಂಡ ನೀರು ಮತ್ತು ಆಹಾರದ ಮೂಲಕ ದೇಹವನ್ನು ಸೇರುತ್ತವೆ. ಜನಸಾಮಾನ್ಯರು ಇವೆಲ್ಲವನ್ನೂ 'ಕಾಮಾಲೆ' ಅಥವಾ 'ಅರಿಶಿನ ಕಾಮಾಲೆ' ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಆದರೆ ಕಾಮಾಲೆಯು ರೋಗಲಕ್ಷಣವೇ ಹೊರತು ರೋಗವಲ್ಲ. ಅದು ಯಾವ ಕಾರಣದಿಂದ ಬಂದಿದೆ ಎಂಬುದು, ವಿಶೇಷವಾಗಿ ಗರ್ಭಿಣಿಯರ ವಿಷಯದಲ್ಲಿ, ಪ್ರಾಣದ ಪ್ರಶ್ನೆಯಾಗಬಲ್ಲದು.

ದೆಹಲಿಯ ಪಿಡುಗು

ಈ ರೋಗದ ಸ್ವರೂಪವನ್ನು ಅರಿಯಲು 1955-56ರಲ್ಲಿ ದೆಹಲಿಯಲ್ಲಿ ಸಂಭವಿಸಿದ ಪಿಡುಗು ಉತ್ತಮ ನಿದರ್ಶನವಾಗಿದೆ. ಯಮುನಾ ನದಿಯ ಹರಿವು ಬದಲಾದ ಕಾರಣ ನಜಫ್‌ಗಢ ಚರಂಡಿಯ ಕೊಳಚೆಯು ಹಿಮ್ಮುಖವಾಗಿ ಸರಿದು, 1955ರ ನವೆಂಬರ್‌ನಲ್ಲಿ ವಜೀರಾಬಾದ್ ನೀರು ಶುದ್ಧೀಕರಣ ಘಟಕದ ಸೇದುಬಾಯಿಯನ್ನು ಸೇರಿತು. ನೀರು ಕೆಟ್ಟಿರುವುದು ಸಿಬ್ಬಂದಿಯ ಗಮನಕ್ಕೆ ಬಾರದಿರಲಿಲ್ಲ; ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ಇದರಿಂದ ಬ್ಯಾಕ್ಟೀರಿಯಾಗಳು ನಾಶವಾದವು, ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ಹೆಚ್ಚಲಿಲ್ಲ. ಆದರೆ ಸುಮಾರು ಆರು ವಾರಗಳ ತರುವಾಯ ನಗರದಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಸುಮಾರು 29,000 ಮಂದಿ ಅಸ್ವಸ್ಥರಾದರು.

ಆಗ ಇದನ್ನು ಹೆಪಟೈಟಿಸ್ 'ಎ' ಎಂದೇ ಭಾವಿಸಲಾಗಿತ್ತು. ಸಂಗ್ರಹಿಸಿಟ್ಟಿದ್ದ ರೋಗಿಗಳ ರಕ್ತದ ಮಾದರಿಗಳನ್ನು ಮುಂದೆ ಪರೀಕ್ಷಿಸಿದಾಗ, ಅದು 'ಎ' ಅಲ್ಲವೆಂದೂ 'ಬಿ' ಅಲ್ಲವೆಂದೂ 1980ರಲ್ಲಿ ತಿಳಿದುಬಂದಿತು. 1978-79ರ ಕಾಶ್ಮೀರ ಕಣಿವೆಯ ಪಿಡುಗನ್ನು ಅಧ್ಯಯನ ಮಾಡಿದ ಡಾ. ಎಂ. ಎಸ್. ಖುರೂ ಅವರೂ ಅದೇ ವರ್ಷ ಇಂತಹದೇ ನಿರ್ಣಯಕ್ಕೆ ಬಂದರು. 1983ರಲ್ಲಿ ರಷ್ಯಾದ ವಿಜ್ಞಾನಿ ಬಲಯಾನ್ ಅವರು ಸೋಂಕನ್ನು ಸ್ವತಃ ತಮ್ಮ ದೇಹಕ್ಕೆ ತೆಗೆದುಕೊಂಡು, ತಮ್ಮ ಮಲದಲ್ಲಿ ವೈರಾಣುವಿನ ಕಣಗಳನ್ನು ಸೂಕ್ಷ್ಮದರ್ಶಕದ ಮೂಲಕ ಕಂಡರು. ಇಂದು ಇಂತಹ ಪ್ರಯೋಗಕ್ಕೆ ಯಾರೂ ಅನುಮತಿ ನೀಡಲಾರರು.

ರೋಗಲಕ್ಷಣಗಳು

ವೈರಾಣು ದೇಹವನ್ನು ಸೇರಿದ 2ರಿಂದ 10 ವಾರಗಳಲ್ಲಿ, ಸರಾಸರಿ 5-6 ವಾರಗಳಲ್ಲಿ, ರೋಗವು ಪ್ರಕಟವಾಗುತ್ತದೆ. ಮೊದಲು ಲಘು ಜ್ವರ, ಹಸಿವಾಗದಿರುವುದು, ವಾಕರಿಕೆ, ವಾಂತಿ, ಆಯಾಸ; ಅನಂತರ ಕಣ್ಣು ಮತ್ತು ಚರ್ಮ ಹಳದಿಯಾಗುವುದು, ಗಾಢ ಬಣ್ಣದ ಮೂತ್ರ, ಬಿಳಿಚಿದ ಮಲ. 15ರಿಂದ 40 ವರ್ಷದವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಮಕ್ಕಳಲ್ಲಿ ಬಹುಮಟ್ಟಿಗೆ ಲಕ್ಷಣಗಳೇ ಇರುವುದಿಲ್ಲ. ಬಹುತೇಕ ರೋಗಿಗಳು ಕೆಲವು ವಾರಗಳಲ್ಲಿ ತಾವಾಗಿಯೇ ಗುಣ ಹೊಂದುತ್ತಾರೆ.

ಗರ್ಭಿಣಿಯರಿಗೆ ಅಪಾಯ

ಈ ಮಾತು ಗರ್ಭಿಣಿಯರಿಗೆ ಅನ್ವಯಿಸುವುದಿಲ್ಲ. ಗರ್ಭಧಾರಣೆಯ ಕೊನೆಯ ಮೂರು ತಿಂಗಳಲ್ಲಿ ಈ ಸೋಂಕು ತಗುಲಿದವರಲ್ಲಿ ಶೇಕಡ 20ರಿಂದ 25ರವರೆಗೆ ಸಾವು ಸಂಭವಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಪಿತ್ತಜನಕಾಂಗವು ಹಠಾತ್ತನೆ ವಿಫಲವಾಗುವುದು ಮತ್ತು ರಕ್ತಸ್ರಾವ ಇದಕ್ಕೆ ಕಾರಣ. ಗರ್ಭಪಾತ ಅಥವಾ ಮೃತ ಶಿಶು ಜನನವೂ ಆಗಬಹುದು. ಹೆಪಟೈಟಿಸ್ 'ಎ'ಯಲ್ಲಿ ಗರ್ಭಿಣಿಯರಿಗೆ ಈ ವಿಶೇಷ ಅಪಾಯವಿಲ್ಲ. ಆದ್ದರಿಂದ ಗರ್ಭಿಣಿಯ ಕಣ್ಣು ಹಳದಿಯಾದ ದಿನವೇ, ಆಕೆ ನಡೆದಾಡುವಷ್ಟು ಚೆನ್ನಾಗಿದ್ದರೂ, ಹೆರಿಗೆ ಮತ್ತು ತೀವ್ರ ನಿಗಾ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಈಗಾಗಲೇ ಪಿತ್ತಜನಕಾಂಗದ ಕಾಯಿಲೆ ಇರುವವರೂ ವಿಳಂಬ ಮಾಡಬಾರದು.

ರಕ್ತಪರೀಕ್ಷೆಯಿಂದ ರೋಗವನ್ನು ಖಚಿತಪಡಿಸಿಕೊಳ್ಳಬಹುದು. ಸಾಮಾನ್ಯ ರೋಗಿಗಳಿಗೆ ನಿರ್ದಿಷ್ಟ ಔಷಧದ ಅವಶ್ಯಕತೆ ಇಲ್ಲ. ವಿಶ್ರಾಂತಿ ಮತ್ತು ಸಾಕಷ್ಟು ದ್ರವಾಹಾರ ಮುಖ್ಯ. ಜ್ವರದ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು, ಮದ್ಯಪಾನ ಸಲ್ಲದು. ಕಾಮಾಲೆಗೆ ನಾಟಿ ಔಷಧ ಕೊಡಿಸುವುದು, ಉಪ್ಪು-ಎಣ್ಣೆ ಬಿಡಿಸಿ ಗಂಜಿಯ ಪಥ್ಯ ಮಾಡಿಸುವುದು ನಮ್ಮಲ್ಲಿ ರೂಢಿಯಲ್ಲಿದೆ. ಹೆಚ್ಚಿನ ರೋಗಿಗಳು ಹೇಗೂ ಗುಣವಾಗುವುದರಿಂದ ಇಂತಹ ಚಿಕಿತ್ಸೆಗಳಿಗೆ ಹೆಸರು ಬಂದಿರಬಹುದು. ಕಠಿಣ ಪಥ್ಯದಿಂದ ರೋಗಿ ಮತ್ತಷ್ಟು ನಿತ್ರಾಣನಾಗುತ್ತಾನೆ. ಕೆಲವೆಡೆ ಕೈಗೆ ಬರೆ ಹಾಕುವ ಪದ್ಧತಿಯೂ ಇದ್ದು, ಇದರಿಂದ ಸುಟ್ಟ ಗಾಯವಲ್ಲದೆ ಬೇರೆ ಫಲವಿಲ್ಲ. ಅತಿಯಾದ ನಿದ್ರೆ, ಮಾತಿನಲ್ಲಿ ಗೊಂದಲ, ನಿಲ್ಲದ ವಾಂತಿ ಅಥವಾ ರಕ್ತಸ್ರಾವ ಕಂಡುಬಂದರೆ ಯಾವುದೇ ರೋಗಿಯನ್ನು ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ನೀರಿನ ಸುರಕ್ಷತೆ

ಈ ರೋಗವು ಒಬ್ಬರಿಂದ ಒಬ್ಬರಿಗೆ ನೇರವಾಗಿ ಹರಡುವುದು ವಿರಳ. ಒಂದೇ ಬೀದಿಯಲ್ಲಿ ಹಲವರಿಗೆ ಕಾಮಾಲೆಯಾದರೆ ಕೊಳವೆಯನ್ನೇ ಸಂಶಯಿಸಬೇಕು. ಚರಂಡಿಯ ಪಕ್ಕದಲ್ಲೇ ಹಾದುಹೋದ ಹಳೆಯ ಕೊಳವೆಗಳಲ್ಲಿ ನೀರು ಸರಬರಾಜು ನಿಂತಾಗ ಒತ್ತಡ ಇಳಿದು, ಬಿರುಕುಗಳ ಮೂಲಕ ಕೊಳಚೆ ಒಳಸೇರುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಈ ಅಪಾಯ ಅಧಿಕ. ಕುಡಿಯುವ ನೀರಿನಲ್ಲಿ ಉಳಿಕೆ ಕ್ಲೋರಿನ್ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದೂ, ವೈರಾಣುಗಳಿಂದ ರಕ್ಷಣೆ ಬೇಕಾದಲ್ಲಿ ಅದು ಕನಿಷ್ಠ 0.5 ಮಿಲಿಗ್ರಾಂ ಇರಬೇಕೆಂದೂ ಭಾರತೀಯ ಮಾನಕವು ವಿಧಿಸಿದೆ. ನಲ್ಲಿಯ ನೀರು ಕದಡಿದ್ದರೆ ಅಥವಾ ವಾಸನೆ ಬಂದರೆ ಸ್ಥಳೀಯ ಸಂಸ್ಥೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಬೇಕು. ಅಲ್ಲಿಯವರೆಗೆ ನೀರನ್ನು ಶೋಧಿಸಿ, ಕುದಿ ಬಂದ ಮೇಲೂ ಕೆಲವು ನಿಮಿಷ ಕುದಿಸಿ ಕುಡಿಯಬೇಕು. ನೋಡಲು ತಿಳಿಯಾದ ನೀರು ಶುದ್ಧವೆಂದು ತಿಳಿಯಬಾರದು. ಕಾಮಾಲೆ ಆರಂಭವಾದ ನಂತರವೂ ಮೂರು-ನಾಲ್ಕು ವಾರಗಳವರೆಗೆ ರೋಗಿಯ ಮಲದಲ್ಲಿ ವೈರಾಣು ಹೊರಬೀಳಬಹುದಾದ್ದರಿಂದ ಶೌಚಾಲಯವನ್ನೇ ಬಳಸತಕ್ಕದ್ದು, ಸೋಪಿನಿಂದ ಕೈ ತೊಳೆಯತಕ್ಕದ್ದು.

ಹೆಪಟೈಟಿಸ್ 'ಇ' ವಿರುದ್ಧ ಲಸಿಕೆಯೊಂದಕ್ಕೆ 2011ರಲ್ಲಿ ಚೀನಾ ದೇಶವು ಅನುಮತಿ ನೀಡಿತು. 2022ರಲ್ಲಿ ದಕ್ಷಿಣ ಸುಡಾನಿನ ಬೆಂಟಿಯು ನಿರಾಶ್ರಿತ ಶಿಬಿರದಲ್ಲಿ ಪಿಡುಗನ್ನು ತಡೆಯಲು ಅದನ್ನು ಬಳಸಲಾಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆ ಸೇರಿಲ್ಲ. ಹೆಪಟೈಟಿಸ್ 'ಬಿ' ಲಸಿಕೆ ಹಾಕಿಸಿಕೊಂಡವರಿಗೆ 'ಇ'ಯಿಂದ ರಕ್ಷಣೆ ದೊರೆಯುವುದಿಲ್ಲ.