ತೊಂಬತ್ತೆರಡರಲ್ಲಿ ಪುನಃಪ್ರವೇಶ

ಮಲೇಷ್ಯಾದ ಕೆಡಾ ರಾಜ್ಯದ ರಾಜಧಾನಿ ಆಲೋರ್ ಸೆತಾರಿನ ಓಣಿಯೊಂದರಲ್ಲಿ, ಗರಿ ಹೊದಿಸಿದ ಮರದ ಮನೆಯೊಂದನ್ನು ಈಚೆಗೆ ಸಂದರ್ಶಿಸಿ ಬಂದ ಮೇಲೆ, ಆ ದೇಶದ ಮಾಜಿ ಪ್ರಧಾನಿ ಮಹಾತಿರ್ ಮೊಹಮದರ ದೀರ್ಘ ಚರಿತ್ರೆಯ ಬೀಜವು ಆ ಮಾಡಿನ ಕೆಳಗೇ ಬಿದ್ದಿತೆಂಬ ನಂಬಿಕೆ ನನ್ನಲ್ಲಿ ದೃಢವಾಗಿದೆ. 1925ರಲ್ಲಿ ಅವರು ಜನಿಸಿದ ಆ ಗೃಹವು ಇಂದು ಸಾರ್ವಜನಿಕ ಸ್ಮಾರಕ. ಒಳಹೊಕ್ಕವರ ಮನಸ್ಸಿಗೆ ಅಲ್ಲಿ ನಾಟುವುದು ವೈಭವವಲ್ಲ, ಮಿತವಾದ ಸಂಸಾರವೊಂದರ ಅಚ್ಚುಕಟ್ಟು. ತಂದೆ ಮೊಹಮದ್ ಇಸ್ಕಂದರ್ ಊರಿನ ಇಂಗ್ಲಿಷ್ ಶಾಲೆಯ ಮುಖ್ಯೋಪಾಧ್ಯಾಯರು, ಶಿಸ್ತಿಗೆ ಹೆಸರಾದವರು. ಆ ಮನೆಯಲ್ಲಿ ನಿಂತಷ್ಟು ಹೊತ್ತೂ ನನಗೆ ಪ್ರಧಾನಿಗಿಂತ ಮೇಷ್ಟ್ರ ಮಗನೇ ಕಾಣುತ್ತಿದ್ದನು.

ಆ ಮನೆಯ ಶಿಸ್ತು ಆಳ್ವಿಕೆಗೂ ಬಂದಿತು: 1981ರ ಜುಲೈಯಲ್ಲಿ ಪ್ರಧಾನಿಯಾದೊಡನೆ ಮಹಾತಿರರು ಸರ್ಕಾರಿ ನೌಕರರೆಲ್ಲರೂ ಗಡಿಯಾರದ ಯಂತ್ರದಲ್ಲಿ ಹಾಜರಿ ಒತ್ತಬೇಕೆಂದೂ ಎದೆಯ ಮೇಲೆ ಹೆಸರಿನ ಬಿಲ್ಲೆ ಧರಿಸಬೇಕೆಂದೂ ವಿಧಿಸಿದರು. ದೇಶವೆಲ್ಲ ಗುರುತಿಸುವ ತಾವೂ ಬಿಲ್ಲೆ ಧರಿಸಿದರು. ಅಷ್ಟಕ್ಕೂ ತೃಪ್ತಿಯಾಗದೆ, ಸಮುದ್ರದಾಚೆಯ ಮಲೇಷ್ಯನ್ ರಾಜ್ಯಗಳಾದ ಸಬಾ, ಸರಾವಾಕ್‌ಗಳ ಹೊತ್ತಿಗೆ ಹೊಂದುವಂತೆ, 1982ರ ಜನವರಿ 1ರಿಂದ ಪರ್ಯಾಯದ್ವೀಪದ ಗಡಿಯಾರಗಳನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದರು. ನೆರೆಯ ಸಿಂಗಪುರವೂ ಅದನ್ನೇ ಅನುಸರಿಸಿತು. ಒಂದು ರಾಷ್ಟ್ರಕ್ಕೆ ಒಂದೇ ಹೊತ್ತೆಂಬ ಈ ಸಂಕಲ್ಪದ ಸೊಗಸನ್ನು ಎಷ್ಟು ಚಿಂತಿಸಿದರೂ ನನಗೆ ತಣಿವಿಲ್ಲ.

ಮಿಕ್ಕ ವೃತ್ತಾಂತವು ವಾಚಕರಿಗೆ ಪರಿಚಿತವೇ: 1964ರಲ್ಲಿ ಸಂಸತ್ ಪ್ರವೇಶ, 1969ರಲ್ಲಿ ಸೋಲು ಮತ್ತು ಪಕ್ಷದಿಂದ ಉಚ್ಚಾಟನೆ, 1974ರಲ್ಲಿ ಮರುಪ್ರವೇಶ, ಇಪ್ಪತ್ತೆರಡು ವರ್ಷಗಳ ಆಳ್ವಿಕೆ, 2003ರ ಅಕ್ಟೋಬರಿನಲ್ಲಿ ನಿವೃತ್ತಿ. ಅನಂತರ 1ಎಂಡಿಬಿ ಎಂಬ ಸರ್ಕಾರಿ ನಿಧಿಯ ಹಗರಣದಿಂದ ಕ್ಷುಬ್ಧರಾಗಿ, ತಾವೇ ಬೆಳೆಸಿದ ಪಕ್ಷವನ್ನು ತೊರೆದು, ತಾವೇ 1998ರಲ್ಲಿ ಉಪಪ್ರಧಾನಿಯ ಸ್ಥಾನದಿಂದ ಪದಚ್ಯುತಗೊಳಿಸಿದ್ದ ಅನ್ವರ್ ಇಬ್ರಾಹಿಮರೊಡನೆ ಕೈಗೂಡಿಸಿ, 2018ರ ಮೇ 9ರಂದು ಲಂಕಾವಿ ದ್ವೀಪದಿಂದ ಗೆದ್ದು, 1957ರಿಂದ ಅಧಿಕಾರ ಬಿಟ್ಟರಿಯದ ಕೂಟವನ್ನು ಉರುಳಿಸಿ, ಮರುದಿನವೇ ತೊಂಬತ್ತೆರಡರ ಪ್ರಾಯದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಪ್ರೀತಿಯು ವಿಮರ್ಶೆಯನ್ನು ನುಂಗಬಾರದು. 1987ರಲ್ಲಿ ವಿರೋಧಿಗಳನ್ನು ಸೆರೆಗೆ ನೂಕಿದ, ಮರುವರ್ಷ ಸರ್ವೋಚ್ಚ ನ್ಯಾಯಾಧೀಶರನ್ನು ಪದಚ್ಯುತಗೊಳಿಸಿದ ಆಡಳಿತವೂ ಅವರದೇ. ವೃದ್ಧಾಪ್ಯದಲ್ಲಿ ಅವರು ನೇರ್ಪಡಿಸಲು ಬಂದ ಬಿರುಕುಗಳಲ್ಲಿ ಹಲವು ಅವರ ಕೈಯವೇ. ಅನ್ವರರಿಗೆ ಪ್ರಧಾನಿಯ ಪದವಿಯನ್ನು ಒಪ್ಪಿಸುವೆನೆಂಬ ಮಾತಿಗೆ ಮಾತ್ರ ಅವರು ದಿನವನ್ನು ಗೊತ್ತುಮಾಡಲಿಲ್ಲ. 2020ರ ಫೆಬ್ರವರಿಯಲ್ಲಿ ರಾಜೀನಾಮೆಯಿತ್ತಾಗ ಅನ್ವರರೊಡನೆ ಕಟ್ಟಿದ್ದ ಕೂಟವೇ ಒಡೆಯಿತು, 2022ರಲ್ಲಿ ಅದೇ ಲಂಕಾವಿಯಲ್ಲಿ ಅವರ ಠೇವಣಿಯೂ ಹೋಯಿತು. ಗುಮಾಸ್ತನ ಆಗಮನಕ್ಕೆ ವೇಳೆಯನ್ನು ವಿಧಿಸಿದವರು ತಮ್ಮ ನಿರ್ಗಮನಕ್ಕೂ ವೇಳೆಯನ್ನು ವಿಧಿಸಿಕೊಂಡಿದ್ದರೆ, ಜನರು ಮತವಿತ್ತು ಕಟ್ಟಿದ ಆ ಸರ್ಕಾರ ಉಳಿಯುತ್ತಿತ್ತೆಂದೇ ನನ್ನ ದೃಢವಾದ ಅಭಿಪ್ರಾಯ.