ಖಾಲಿ ಹೂಜಿ ಮನೆಗೆ ಬಂತು

ಅಮೆರಿಕದ ಕೆಂಟಕಿಯಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪನದು ವಿಚಿತ್ರ ಹವ್ಯಾಸ. ಒಂದು ಹನಿಯೂ ಕುಡಿಯುವುದಿಲ್ಲ, ಆದರೆ ಹಳೇ ಡಿಸ್ಟಿಲರಿಗಳ ವಿಸ್ಕಿ ಹೂಜಿಗಳನ್ನು ಹುಡುಕಿ ಹುಡುಕಿ ಕೂಡಿಡುತ್ತಾರೆ. ಕಳೆದ ವರ್ಷ ರಜೆಗೆ ಬಂದಾಗ ಸ್ವೆಟರ್ ಒಳಗೆ ಸುತ್ತಿ ಒಂದನ್ನು ನನಗೆಂದೇ ತಂದಿದ್ದರು. ‘ಬಿಇ ಓದ್ತಿದ್ದೀಯಲ್ಲ, ಇದನ್ನ ಹೇಗೆ ಮಾಡಿದ್ರು ಅಂತ ಕಂಡುಹಿಡಿ ನೋಡೋಣ’ ಅಂದರು.

ಮೇಲರ್ಧ ಕಂದು, ಕೆಳಗರ್ಧ ಕೆನೆಬಣ್ಣ, ಕತ್ತಿನ ಪಕ್ಕ ಪುಟ್ಟ ಹಿಡಿ. ಹೊಟ್ಟೆಯ ಮೇಲೆ ಕಪ್ಪಕ್ಷರದಲ್ಲಿ ಡಿಸ್ಟಿಲರಿಯ ಹೆಸರು, ಅದರ ಕೆಳಗೆ ‘ವಿಸ್ಕಿ’. ಅದನ್ನು ಓದಿದ್ದೇ ಅಮ್ಮನ ಮುಖ ಬಾಡಿತು. ‘ಇದು ಈ ಮನೇಲಿ ಬೇಡ’ ಎಂದಷ್ಟೇ ಹೇಳಿ ಒಳಗೆ ಹೋದಳು. ಅಪ್ಪ ಕುಡಿತ ಬಿಟ್ಟು ಆಗ ಮೂರು ವರ್ಷವಾಗಿತ್ತು. ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಹೂಜಿ ನನ್ನ ಹಾಸ್ಟೆಲ್ ಟ್ರಂಕ್ ಸೇರಿತು.

ಈ ಸೆಮಿಸ್ಟರ್‌ನಲ್ಲಿ ಮೆಟೀರಿಯಲ್ ಸೈನ್ಸ್ ಸೆಮಿನಾರ್‌ಗೆ ವಿಷಯ ಹುಡುಕುವಾಗ ಅದು ಮತ್ತೆ ನೆನಪಾಯಿತು. ಓದುತ್ತಾ ಹೋದೆ. 19ನೇ ಶತಮಾನದಲ್ಲಿ ಡಿಸ್ಟಿಲರಿಗಳು ವಿಸ್ಕಿಯನ್ನು ಹೆಚ್ಚಾಗಿ ಮರದ ಪೀಪಾಯಿಗಳಲ್ಲೇ ಮಾರುತ್ತಿದ್ದವು. ಅಂಗಡಿಯವರು ಅದನ್ನು ಹೂಜಿಗೆ ತುಂಬಿ ಗಿರಾಕಿಗೆ ಕೊಡುತ್ತಿದ್ದರು. ಗಾಜಿನ ಬಾಟಲಿಯನ್ನು ಬಾಯಿಂದ ಊದಿ ಮಾಡಬೇಕಿದ್ದ ಕಾಲವದು, ಹಾಗಾಗಿ ದುಬಾರಿ. 1870ರಲ್ಲಿ ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ ತನ್ನ ‘ಓಲ್ಡ್ ಫಾರೆಸ್ಟರ್’ ವಿಸ್ಕಿಯನ್ನು ಮೊಹರು ಮಾಡಿದ ಬಾಟಲಿಗಳಲ್ಲಷ್ಟೇ ಮಾರತೊಡಗಿದ. 20ನೇ ಶತಮಾನದ ಆರಂಭದಲ್ಲಿ ಮೈಕೆಲ್ ಓವೆನ್ಸ್‌ನ ಬಾಟಲಿ ಯಂತ್ರ ಬಂದ ಮೇಲೆ ಗಾಜು ಅಗ್ಗವಾಯಿತು. 1920ರಿಂದ 1933ರವರೆಗಿನ ಪಾನನಿಷೇಧದಲ್ಲಿ ಬಾಗಿಲು ಹಾಕಿದ ಎಷ್ಟೋ ಡಿಸ್ಟಿಲರಿಗಳು ಮತ್ತೆ ತೆರೆಯಲೇ ಇಲ್ಲ. ಕೆಲವುಗಳ ಹೆಸರು ಇಂಥ ಹೂಜಿಗಳ ಮೇಲಷ್ಟೇ ಉಳಿದಿದೆ.

ಹೂಜಿಯ ಗುಟ್ಟು ಇರುವುದು ಶಾಖದಲ್ಲಿ. ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಜೇಡಿಮಣ್ಣಿನ ಒಂದಂಶ ಕರಗಿ ಗಾಜಿನಂತಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಒಳಗಿನದು ಹೊರಗೆ ಜಿನುಗುವುದಿಲ್ಲ. ಇನ್ನೂ ಹಳೆಯ ಹೂಜಿಗಳಿಗೆ ಹೊಳಪು ಕೊಡಲು ಉರಿಯುವ ಭಟ್ಟಿಗೆ ಅಡುಗೆ ಉಪ್ಪನ್ನೇ ಎರಚುತ್ತಿದ್ದರು! ಉಪ್ಪಿನ ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಸೇರಿ, ಕಿತ್ತಳೆ ಸಿಪ್ಪೆಯಂಥ ಗಾಜಿನ ಪದರ ಮೂಡುತ್ತಿತ್ತು. ನಕಲಿಯನ್ನು ಗುರುತಿಸಲು ಚಿಕ್ಕಪ್ಪ ಹೇಳಿಕೊಟ್ಟ ಉಪಾಯವೂ ಸುಲಭ: ಉಗುರಿನಿಂದ ಅಕ್ಷರ ಸವರಿ ನೋಡುವುದು. ಹೊಳಪಿನ ಕೆಳಗೆ ಬರೆದದ್ದು ಕೈಗೆ ತಾಗುವುದಿಲ್ಲ, ಆಮೇಲೆ ಬಳಿದ ಬಣ್ಣ ತಾಗುತ್ತದೆ.

ಓದುವಾಗ ಥಟ್ಟನೆ ಹೊಳೆಯಿತು, ಮೇಲೆ ಕಂದು, ಕೆಳಗೆ ಕೆನೆಬಣ್ಣ. ಇದು ಅಮ್ಮನ ಉಪ್ಪಿನಕಾಯಿ ಜಾಡಿಯ ಬಣ್ಣವೇ ಅಲ್ಲವಾ? ಊರಿಗೆ ಹೋದಾಗ ಹೂಜಿಯನ್ನೂ ಒಯ್ದು, ಎರಡನ್ನೂ ಅಡುಗೆಮನೆ ಕಟ್ಟೆಯ ಮೇಲಿಟ್ಟು ಫೋಟೊ ತೆಗೆಯುತ್ತಿದ್ದೆ. ಅಮ್ಮ ಬಂದಳು. ಬೈಗುಳ ಕಾದೆ. ಅವಳು ಎರಡನ್ನೂ ಸವರಿ, ‘ನಮ್ಮ ಜಾಡಿ ಥರಾನೇ ಇದೆಯಲ್ಲೋ’ ಅಂದಳು.

ಅಷ್ಟರಲ್ಲಿ ಅಪ್ಪ ಬಂದು ಹೂಜಿಯನ್ನು ಎತ್ತಿಕೊಂಡು ಅದರ ಬಾಯನ್ನು ಮೂಗಿನ ಹತ್ತಿರ ಹಿಡಿದರು. ನನ್ನ ಎದೆ ಧಸಕ್ಕೆಂದಿತು. ಅಮ್ಮ ಉಸಿರೆತ್ತಲಿಲ್ಲ.

‘ಏನೂ ವಾಸನೆ ಇಲ್ಲ’ ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, ‘ಖಾಲಿಯಾದ ಮೇಲೇ ಇದಕ್ಕೆ ಬೆಲೆ ಬಂದಿದ್ದು ಅನ್ನು’ ಎಂದು ಮೆಲ್ಲಗೆ ಕೆಳಗಿಟ್ಟರು.

ಅಮ್ಮ ನಗಲಿಲ್ಲ. ಆದರೆ ಟ್ರಂಕಿಗೆ ವಾಪಸ್ ಹಾಕು ಅಂತಲೂ ಹೇಳಲಿಲ್ಲ. ಈಗ ಹೂಜಿ ಮನೆಯ ಪುಸ್ತಕದ ಕಪಾಟಿನ ಮೇಲಿದೆ. ಹೆಸರಿರುವ ಬದಿ ಮಾತ್ರ ಗೋಡೆಯ ಕಡೆಗೆ. ತಿರುಗಿಸಿಟ್ಟಿದ್ದು ಅಮ್ಮ. ನಾನೂ ಹಾಗೇ ಬಿಟ್ಟಿದ್ದೇನೆ.